ರೇಣುಕಪ್ರಸಾದರು ಪ್ಲಾಂಟರ್ ಆದ ಬೆಳಗು

ರಜನಿ ಮಗಳು ನಾಗಶ್ರೀಯ ಒಂದು ಜಡೆ ಹೆಣೆದು ರಿಬ್ಬನ್ ಕಟ್ಟಿ, ಇನ್ನೊಂದು ಕಡೆಯ ಕೂದಲನ್ನು ಮೂರು ಪಾಲು ಮಾಡುತ್ತಿರುವಾಗ ಗೇಟಿನ ಹೊರಗೆ ಬಿಳಿ ಕಾರೊಂದು ಬಂದು ನಿಂತಿತು. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯ ಬಿದಿರುಕಟ್ಟೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಾರು ನಿಂತರೆ ಕಾರಣ ಎರಡೇ. ದೇವರಮನೆಗೆ ಹೊರಟವರು ದಾರಿ ತಪ್ಪಿರಬೇಕು, ಇಲ್ಲವೇ ತಿರುವುಗಳಲ್ಲಿ ಯಾರಿಗೋ ಹೊಟ್ಟೆ ತೊಳಸಿರಬೇಕು. ರಜನಿ ಎರಡಕ್ಕೂ ಸಿದ್ಧಳಾಗಿದ್ದಳು. ದಾರಿ ಹೇಳಲು ಬಾಯಿತ್ತು, ಮುಖ ತೊಳೆಯಲು ಕೊಡಲು ಅಂಗಳದಲ್ಲಿ ಬಕೆಟ್ಟಿತ್ತು.

ಕಾರಿನಿಂದ ಇಳಿದವನು ದಾರಿ ಕೇಳಲಿಲ್ಲ, ಬಕೆಟ್ಟಿನ ಕಡೆ ನೋಡಲೂ ಇಲ್ಲ. ಗೇಟಿನ ಮೇಲಿನ ಬೋರ್ಡನ್ನು ಓದಿದ. ಮನೆಯ ಪಕ್ಕದ ಸಿಮೆಂಟ್ ಕಣವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಆಮೇಲೆ ತಲೆ ತಗ್ಗಿಸಿ ಎರಡೂ ಕೈ ಮುಗಿದ.

ಅವನು ಯಾಕೆ ಹಾಗೆ ಕೈ ಮುಗಿದ ಎಂದು ತಿಳಿಯಬೇಕಾದರೆ ಬೋರ್ಡಿನ ವಿಷಯ, ಕಣದ ವಿಷಯ ಎರಡನ್ನೂ ಹೇಳಬೇಕಾಗುತ್ತದೆ.

ರಜನಿಯ ಗಂಡ ರೇಣುಕಪ್ರಸಾದರಿಗೆ ಪೇಟೆಯಲ್ಲಿ ಟಾರ್ಪಾಲು, ಹಗ್ಗ, ಗಂಬೂಟು, ಟಾರ್ಚು ಮಾರುವ ಅಂಗಡಿಯಿತ್ತು. ಮನೆಯ ಹಿಂದೆ, ಬಟ್ಟೆ ಒಣಗಿಸುವ ತಂತಿಯಿಂದ ಸೌದೆ ಕೊಟ್ಟಿಗೆಯವರೆಗೆ ಒಂದಿಷ್ಟು ಕಾಫಿ ಗಿಡಗಳೂ ಇದ್ದವು. ಭಾನುವಾರ ತಿಂಡಿ ತಿಂದು ಗಂಡ ಹೆಂಡತಿ ಕುಯ್ಯಲು ಶುರುಮಾಡಿದರೆ ಊಟದ ಹೊತ್ತಿಗೆ ಆ ವರ್ಷದ ಕುಯ್ಲು ಮುಗಿಯುತ್ತಿತ್ತು. ಆದರೆ ಕಾಫಿಗೆ ಬೆಲೆ ಏರಿದ ಮೇಲೆ ರೇಣುಕಪ್ರಸಾದರ ನಡಿಗೆಯೇ ಬೇರೆಯಾಯಿತು. ಅಂಗಡಿಗೆ ಬಂದವರ ಹತ್ತಿರ ಕಾಫಿ ಹೂವಿನ ಮಾತೆತ್ತಿ "ನಮ್ಮ ಕಡೆ ಬ್ಲಾಸಮ್ ಚೆನ್ನಾಗಿತ್ತು" ಎನ್ನತೊಡಗಿದರು. ಒಂದು ಅಗಲ ಅಂಚಿನ ಹ್ಯಾಟು ಕೊಂಡರು. ಕೊನೆಗೆ 'ರೇಣುಕಾ ಎಸ್ಟೇಟ್' ಎಂದು ಹಸಿರು ಬೋರ್ಡು ಬರೆಸಿ ಗೇಟಿಗೆ ಏರಿಸಿದರು. ಎದುರು ಮನೆಯ ಶಿವಗಂಗಮ್ಮ ಅದನ್ನು ನೋಡಿ, "ಈ ಬೋರ್ಡಿನ ನೆರಳೊಳಗೇ ನಿಮ್ಮ ಎಸ್ಟೇಟ್ ಪೂರ್ತಿ ಹಿಡೀತದಲ್ಲೇ ರಜನಿ" ಎಂದಿದ್ದರು.

ಇನ್ನು ಕಣ. ರೇಣುಕಪ್ರಸಾದರ ತಂದೆ ಅಕ್ಕಿ ಗಿರಣಿ ನಡೆಸುತ್ತಿದ್ದರು. ಗಿರಣಿ ಹೋಯಿತು, ಭತ್ತ ಹರಡುತ್ತಿದ್ದ ದೊಡ್ಡ ಕಣ ಉಳಿಯಿತು. ಕಾಫಿ ಕುಯ್ಲಿನ ಕಾಲದಲ್ಲಿ ಅದನ್ನು ಚನ್ನಕೇಶವ ಗೌಡರು ತೆಗೆದುಕೊಳ್ಳುತ್ತಿದ್ದರು. ಗೌಡರೆಂದರೆ ಗುಡ್ಡದ ಆ ಮಗ್ಗುಲಿನಿಂದ ಈ ಮಗ್ಗುಲಿನವರೆಗೆ ತೋಟ ಇರುವವರು. ಅವರ ಬಂಗಲೆಯ ಮುಂದಿನ ಕಣಗಳು ಸಾಲದೆ, ಸಿಪ್ಪೆ ಸುಲಿಸಿ ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್, ಇಲ್ಲಿಗೆ ಬಂದು ಒಣಗುತ್ತಿತ್ತು. ಈ ಜನವರಿಯ ಬೆಳಗಿನ ಬಿಸಿಲಿಗೆ ಕಣವೆಲ್ಲ ಹೊಂಬಣ್ಣವಾಗಿತ್ತು.

ಹೊಸಬರಿಗೆ ಕಂಡದ್ದು ಇಷ್ಟು: ಎಸ್ಟೇಟ್ ಎಂಬ ಬೋರ್ಡು, ಅದರ ಪಕ್ಕದಲ್ಲೇ ಕಣ್ಣು ಹಾಯುವಷ್ಟು ಕಾಫಿ. ಕೈ ತಾನಾಗಿ ಮುಗಿಯಿತು.

"ನಮಸ್ಕಾರ ಮೇಡಮ್. ಧರ್ಮೇಶ್ ಅಂತ. ದಯಾನಂದ್ ಸಾಹೇಬ್ರ ಆಪ್ತ ಸಹಾಯಕ. ಸಾರ್ ಇದಾರಾ?"

ದಯಾನಂದರು ಯಾರೆಂದು ರಜನಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ಮನೆ, ಚುನಾವಣೆ ಹತ್ತಿರವಾದಾಗ ಮಲೆನಾಡು. 'ಮಧ್ಯಮ ವರ್ಗದ ಮನೆಮಗ' ಎಂದು ಬರೆದ ಅವರ ನಗುಮುಖ ತಾಲ್ಲೂಕಿನ ಎಲ್ಲ ಬಸ್ ತಂಗುದಾಣಗಳಲ್ಲೂ ಇತ್ತು. ಬಸ್ಸೇ ಬಾರದ ಬಿದಿರುಕಟ್ಟೆಯ ತಂಗುದಾಣದಲ್ಲೂ ಇತ್ತು.

ಅಷ್ಟರಲ್ಲಿ ರೇಣುಕಪ್ರಸಾದರು ಹಿತ್ತಲಿನಿಂದ ಬಂದರು. ಮೈಮೇಲೆ ಬನಿಯನ್ನು, ತಲೆಯ ಮೇಲೆ ಹ್ಯಾಟು. ಇಷ್ಟೊಂದು ಕಾಫಿ ಇರುವವರು ಬನಿಯನ್ನಿನಲ್ಲಿ ಓಡಾಡುತ್ತಾರೆಂದರೆ ಎಷ್ಟು ಹಳೆಯ ಶ್ರೀಮಂತಿಕೆ ಇರಬೇಕು ಎಂದುಕೊಂಡ ಧರ್ಮೇಶ್ ಇನ್ನೊಮ್ಮೆ ಕೈ ಮುಗಿದ.

"ಸಾಹೇಬ್ರು ಇವತ್ತು ಈ ಕಡೆ ಬರ್ತಿದಾರೆ ಸಾರ್. ಮೊದ್ಲು ಒಬ್ರು ಮಧ್ಯಮ ವರ್ಗದವರ ಮನೇಲಿ ತಿಂಡಿ. ಅದು ಕ್ಯಾಮೆರಾಗೆ. ಆಮೇಲೆ ತಮ್ಮಂಥ ಒಬ್ರು ಪ್ಲಾಂಟರ್ ಮನೇಲಿ ಕಾಫಿ. ಅದು ಮನಸ್ಸಿಗೆ."

"ತಮ್ಮಂಥ ಪ್ಲಾಂಟರ್" ಎಂಬ ಮಾತು ರೇಣುಕಪ್ರಸಾದರ ಕಿವಿಯಿಂದ ಇಳಿದು ಮೈಯೆಲ್ಲ ಓಡಾಡಿತು. ಅವರು ಹ್ಯಾಟನ್ನು ಸರಿಮಾಡಿಕೊಂಡರು.

"ರೀ, ಅವರಿಗೆ ಹೇಳಿ, ಇದು ನಮ್ಮ—" ಎಂದು ರಜನಿ ಶುರುಮಾಡಿದಳು.

"ನೀನು ಕಾಫಿ ಇಡು" ಎಂದರು ಪ್ಲಾಂಟರು.

"ಚನ್ನಕೇಶವ ಗೌಡ್ರು ಅಂತ ಒಬ್ರು ಇದಾರಂತಲ್ಲ ಸಾರ್" ಎಂದ ಧರ್ಮೇಶ್. "ನಿನ್ನೆ ಅವರ ಬಂಗಲೆಗೂ ಹೋಗಿದ್ದೆ. ಲೆಕ್ಕ ಬರೆಯೋ ರೈಟರ್ ಸಿಕ್ಕಿದ್ರು. ಗೌಡ್ರು ಮಂಗಳೂರಿಗೆ ಹೋಗಿದಾರೆ ಅಂದ್ರು. ಅದರ ಹಿಂದಿನ ಎಸ್ಟೇಟ್‌ಗೆ ಹೋದ್ರೆ ಅವರೂ ಮಂಗಳೂರು. ಅದರ ಮುಂದಿನವರೂ ಮಂಗಳೂರು. ಎಲೆಕ್ಷನ್ ಬಂತು ಅಂದ್ರೆ ಮಂಗಳೂರಲ್ಲಿ ಕಾಲಿಡೋಕೆ ಜಾಗ ಇರಲ್ಲ ಸಾರ್. ನೀವೊಬ್ರು ಮನೇಲಿ ಸಿಕ್ಕಿದ್ದು ನಮ್ಮ ಪುಣ್ಯ."

ಹೀಗೆ ಹೇಳುವಾಗ ಚನ್ನಕೇಶವ ಗೌಡರು ಅವನ ಬೆನ್ನ ಹಿಂದಿನ ಕಣದಲ್ಲೇ ಇದ್ದರು. ತೂತು ಬಿದ್ದ ಸ್ವೆಟರು, ಮೊಣಕಾಲಿನವರೆಗಿನ ಚಡ್ಡಿ, ಬಲಗಾಲಿಗೆ ತೇಪೆ ಹಾಕಿದ ಗಂಬೂಟು. ಬಂಗಲೆಯಲ್ಲಿದ್ದರೆ ಪಕ್ಷದವರ ಚಂದಾ ಕಾಟವೆಂದು ಬೆಳಗಾಗುವುದರೊಳಗೆ ಇಲ್ಲಿಗೆ ಬಂದು, ಮರದ ಹಲಗೆ ಹಿಡಿದು ತಾವೇ ಕಾಫಿ ಎಳೆದು ಹರಡುತ್ತಿದ್ದರು. ವೇಷ ಹಾಕಿಕೊಂಡು ಬಂದಿದ್ದರು ಎನ್ನುವ ಹಾಗಿಲ್ಲ. ಮಗನ ಮದುವೆಯ ದಿನ ಬಿಟ್ಟರೆ ಅವರು ಯಾವಾಗಲೂ ಇದೇ ಬಟ್ಟೆಯಲ್ಲೇ ಇರುತ್ತಿದ್ದದ್ದು.

ಧರ್ಮೇಶ್ ಕಾಫಿ ಕುಡಿದು ಲೋಟ ಕೆಳಗಿಟ್ಟ. "ಸಾಹೇಬ್ರಿಂದ ತಮಗೆ ಏನಾದ್ರೂ ಆಗಬೇಕಿದ್ರೆ ಸಂಕೋಚ ಬೇಡಿ ಸಾರ್. ಈಗಲೇ ಹೇಳಿ."

ರೇಣುಕಪ್ರಸಾದರು ಶ್ರೀಮಂತರಿಗೆ ಏನು ಆಗಬೇಕಿರುತ್ತದೆ ಎಂದು ಯೋಚಿಸುತ್ತ ನಿಂತರು. ಅವರಿಗೆ ಏನೂ ಹೊಳೆಯಲಿಲ್ಲ. ರಜನಿಗೆ ಹೊಳೆಯಿತು.

"ಬೆಳಗಿನ ಬಸ್ಸು" ಎಂದಳು.

ಬೆಳಗಿನ ಬಸ್ಸು ಹೋದ ಮಳೆಗಾಲದಲ್ಲಿ ನಿಂತದ್ದು. ದಾರಿ ಕುಸಿದಿದೆ ಎಂದು ನಿಲ್ಲಿಸಿದರು. ದಾರಿ ರಿಪೇರಿ ಆಯಿತು, ಬಸ್ಸು ಬರಲಿಲ್ಲ. ಊರವರು ಅರ್ಜಿ ಕೊಟ್ಟರು, ಇನ್ನೊಂದು ಅರ್ಜಿ ಕೊಟ್ಟರು, ಅರ್ಜಿ ತಲುಪಿದೆಯೇ ಎಂದು ಕೇಳಿ ಮತ್ತೊಂದು ಅರ್ಜಿ ಕೊಟ್ಟರು. ಅಲ್ಲಿಂದ ಈಚೆಗೆ ನಾಗಶ್ರೀ ಯಾರದೋ ಪಿಕಪ್ಪಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂತೋ, ಅಪ್ಪನ ಸ್ಕೂಟರಿನಲ್ಲೋ ಶಾಲೆಗೆ ಹೋಗುತ್ತಿದ್ದಳು. ಬರುವ ಜೂನ್‌ನಿಂದ ಹೈಸ್ಕೂಲು. ಹೀಗೆ ದಿನಾ ತಡವಾದರೆ ನಡೆಯುವುದಿಲ್ಲ, ಚಿಕ್ಕಮಗಳೂರಿನ ಹಾಸ್ಟೆಲ್ಲಿಗೆ ಸೇರಿಸಿಬಿಡಿ ಎಂದು ಮೇಷ್ಟ್ರು ಹೇಳಿದ್ದರು. ರಜನಿ ಅದಕ್ಕೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ದಿನವೂ ಬೆಳಿಗ್ಗೆ ಜಡೆ ಹೆಣೆಯುವಾಗ ಮಾತ್ರ, ಬೇಗ ಮುಗಿಯದ ಹಾಗೆ ನಿಧಾನವಾಗಿ ಹೆಣೆಯುತ್ತಿದ್ದಳು.

ಧರ್ಮೇಶ್ ಫೋನು ಹಿಡಿದು ಅಂಗಳದ ಮೂಲೆಗೆ ಹೋದ. ರಜನಿ ಒಳಗೆ ಹೋಗಿ ಅಕ್ಕಿರೊಟ್ಟಿ ಮಗುಚಿ ಹಾಕಿ ಬರುವಷ್ಟರಲ್ಲಿ ಅವನು ವಾಪಸ್ಸು ಬಂದಿದ್ದ.

"ಆಯ್ತು ಮೇಡಮ್. ಸಾಹೇಬ್ರು ಡಿಪೋಗೆ ಮಾತಾಡಿದ್ರು. ನಾಳೆ ಬೆಳಿಗ್ಗೆಯಿಂದ ಬಸ್ಸು ನಿಮ್ಮ ಗೇಟಿನ ಮುಂದೆಯೇ ನಿಲ್ಲುತ್ತೆ."

ಅಷ್ಟು ಅರ್ಜಿಗಳಿಗೆ ಬಾರದ ಬಸ್ಸು ಒಂದು ಬೋರ್ಡಿಗೆ ಬಂತು. ರಜನಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಎದ್ದು ಗಂಡನನ್ನು ಒಳಕ್ಕೆ ಕರೆದು, ಸೆರಗಿನಿಂದ ಹ್ಯಾಟಿನ ಧೂಳು ಒರೆಸಿ ಅವರ ತಲೆಯ ಮೇಲಿಟ್ಟಳು.

"ಇವತ್ತೊಂದು ದಿನ ಪ್ಲಾಂಟರ್ ಆಗಿರಿ" ಎಂದಳು. "ಬಾಯಿ ಮಾತ್ರ ಜಾಸ್ತಿ ಬಿಡಬೇಡಿ. ಅಂಗಿ ಹಾಕ್ಕೊಳ್ಳಿ."

ಹೊರಗೆ ಧರ್ಮೇಶನಿಗೆ ಬೇರೊಂದು ಸಂಕಟ ಬಂದಿತ್ತು. "ತಿಂಡಿಗೆ ಅಂತ ಕೊಟ್ಟಿಗೆಹಾರದಲ್ಲಿ ಒಂದು ಮನೆ ಗೊತ್ತು ಮಾಡಿದ್ವಿ ಸಾರ್. ಒಳ್ಳೆ ಮಧ್ಯಮ ವರ್ಗ. ಆದ್ರೆ ನಿನ್ನೆ ಅವರು ಹೊಸ ಕಾರು ತಗೊಂಡು ಮನೆ ಮುಂದೆ ನಿಲ್ಲಿಸಿಬಿಟ್ಟಿದಾರೆ. ಕೆಂಪು ಕಾರು. ಎಲ್ಲಿ ಕ್ಯಾಮೆರಾ ಇಟ್ರೂ ಬರ್ತಾ ಇದೆ. ನಿಮಗೆ ಗೊತ್ತಿರೋ ಯಾರಾದ್ರೂ ಮಧ್ಯಮ ವರ್ಗದವರು ಇದಾರಾ? ಸ್ವಲ್ಪ ಅರ್ಜೆಂಟು."

ರೇಣುಕಪ್ರಸಾದರ ಬಾಯಿ ತೆರೆಯಿತು. ನಿಜ ಹೇಳಬೇಕೆಂದರೆ ಮೂಡಿಗೆರೆಯಿಂದ ಕಳಸದವರೆಗೆ ಸೋಸಿದರೂ ಅವರಷ್ಟು ಅಪ್ಪಟ ಮಧ್ಯಮ ವರ್ಗ ಸಿಗುತ್ತಿರಲಿಲ್ಲ. ಸ್ಕೂಟರಿಗೆ ಕಂತು, ಗ್ಯಾಸಿಗೆ ಬುಕಿಂಗು, ಹಬ್ಬದ ಸೀರೆಗೆ ಮುಂದಿನ ಹಬ್ಬ. ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ತೊಂದರೆಯಿಲ್ಲದ ಮನೆ. ಆದರೆ ಬಾಗಿಲಲ್ಲಿ ನಿಂತ ರಜನಿಯ ಕಣ್ಣು ಕಂಡು ತೆರೆದ ಬಾಯಿ ಮುಚ್ಚಿಕೊಂಡಿತು.

ಧರ್ಮೇಶನ ಕಣ್ಣು ಕಣದಲ್ಲಿದ್ದ ಗೌಡರ ಮೇಲೆ ಬಿತ್ತು.

"ಯಜಮಾನ್ರೇ, ಇಲ್ಲೇ ಕೆಲಸವಾ?"

ಗೌಡರು ಹಲಗೆ ನಿಲ್ಲಿಸಿ ಅವನನ್ನು ನೋಡಿದರು. "ಹೌದಪ್ಪ. ಈ ಕಾಫಿದೇ ಕೆಲಸ."

"ಸ್ವಂತ ಮನೆ?"

"ಉಂಟು."

"ಸಾಲ?"

"ಅದೂ ಉಂಟು. ಬ್ಯಾಂಕಿನವರು ಆಗಾಗ ಮಾತಾಡಿಸ್ತಾರೆ."

"ಗಾಡಿ ಏನಿದೆ?"

"ಹಳೇದೊಂದು ಜೀಪು. ತಳ್ಳಿದ್ರೆ ಹೋಗ್ತದೆ."

ಧರ್ಮೇಶನ ಮುಖ ಅರಳಿತು. "ಹಾಗಾದ್ರೆ ನೀವು ಮಧ್ಯಮ ವರ್ಗ."

"ಇಷ್ಟು ದಿನ ಯಾರೂ ಹೇಳಿರಲಿಲ್ಲ" ಎಂದರು ಗೌಡರು ವಿನಯದಿಂದ. "ನೀವು ಓದಿದವರು. ನೀವು ಹೇಳಿದ್ರೆ ಇದ್ದೀತು."

ಅವನು ಸಂತೋಷದಿಂದ ಕಾರಿನ ಕಡೆ ಓಡಿದ ಮೇಲೆ ಗೌಡರು ರೇಣುಕಪ್ರಸಾದರ ಹತ್ತಿರ ಬಂದರು. "ನಾನು ಒಂದೂ ಸುಳ್ಳು ಹೇಳಿಲ್ಲ ನೋಡು ಮಾರಾಯ. ನೀನು ಪ್ಲಾಂಟರ್ ಆಗಿರು, ನಾನು ಮಧ್ಯಮ ವರ್ಗ ಆಗಿರ್ತೇನೆ. ಇಬ್ಬರಿಗೂ ಒಳ್ಳೇದು. ಎಲೆಕ್ಷನ್ ಬಂದಾಗೆಲ್ಲ ನಾನು ಮಂಗಳೂರಿಗೆ ಹೋಗೀ ಹೋಗೀ ಸುಸ್ತಾಗಿದೇನೆ."

"ಆದ್ರೆ ಗೌಡ್ರೇ, ಅವರು ನನ್ನ ಹತ್ರ ಏನಾದ್ರೂ ಕೇಳಿದ್ರೆ?"

"ಯೋಚನೆ ಮಾಡಿ ಹೇಳ್ತೇನೆ ಅನ್ನು. ಶ್ರೀಮಂತರು ಹಾಗೇ ಅನ್ನೋದು. ಬಡವರು ಮಾತ್ರ ಥಟ್ಟಂತ ಇಲ್ಲ ಅಂತಾರೆ."

ಗೌಡರಿಗೆ ಮನೆ ಬೇಕಲ್ಲ, ಬಂಗಲೆಗೆ ಕ್ಯಾಮೆರಾ ಒಯ್ಯುವಂತಿಲ್ಲ. ಎದುರಿನ ಶಿವಗಂಗಮ್ಮನ ಮನೆಯೇ ಅವರ ಮನೆಯಾಯಿತು. ಶಿವಗಂಗಮ್ಮ ಒಂಟಿ ಹೆಂಗಸು, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಕ್ಕಳನ್ನು ಗದರಿಸಿದ ಗಂಟಲು ಇನ್ನೂ ಹಾಗೇ ಇತ್ತು. ಸಂಗತಿ ಕೇಳಿ, "ಗೌಡ್ರು ನಮ್ಮ ಜಗಲಿ ಮೇಲೆ ಕೂರೋದೇ ಹೆಚ್ಚು, ಕೂರ್ಲಿ" ಎಂದರು. "ಆದ್ರೆ ನಮ್ಮಲ್ಲಿ ಇವತ್ತು ಉಪ್ಪಿಟ್ಟು. ಅದನ್ನೇ ತಿನ್ನಬೇಕು."

ಗೌಡರಿಗೆ ಉಪ್ಪಿಟ್ಟು ಕಂಡರೆ ಆಗುತ್ತಿರಲಿಲ್ಲ. ಆದರೆ ವರ್ಗ ಒಪ್ಪಿಕೊಂಡ ಮೇಲೆ ತಿಂಡಿಯನ್ನೂ ಒಪ್ಪಿಕೊಳ್ಳಬೇಕಾಯಿತು.

ಧರ್ಮೇಶ್ ಜಗಲಿಯನ್ನು ಮಧ್ಯಮ ವರ್ಗಕ್ಕೆ ಹೊಂದಿಸುವ ಕೆಲಸಕ್ಕೆ ನಿಂತ. ಪ್ಲಾಸ್ಟಿಕ್ ಕುರ್ಚಿ ಇರಲಿ, ಆದರೆ ಮುರಿದದ್ದು ಬೇಡ, ಮುರಿದರೆ ಬಡವರ ಹಾಗೆ ಕಾಣುತ್ತದೆ. ಕ್ಯಾಲೆಂಡರ್ ಇರಲಿ. ಬಾಗಿಲಲ್ಲಿ ಕಾಣುವ ಟಿವಿ ದೊಡ್ಡದಾಯಿತು, ಅದಕ್ಕೆ ಒಂದು ಬೆಡ್‌ಶೀಟ್ ಹೊದಿಸಿ. ಶಿವಗಂಗಮ್ಮ ಬೆಡ್‌ಶೀಟ್ ಹೊದಿಸುತ್ತ, "ಅದಕ್ಕೇನು ಜ್ವರ ಬಂದಿದೆಯಾ?" ಎಂದು ಕೇಳಿದರು. ಶಾಲೆ ತಪ್ಪಿಸಿ ಅಮ್ಮನ ಜೊತೆ ನೋಡಲು ಬಂದಿದ್ದ ನಾಗಶ್ರೀಯ ಒಂದೇ ಜಡೆ ನೋಡಿ ಧರ್ಮೇಶ್, ಎಸ್ಟೇಟಿನವರ ಮಕ್ಕಳು ಈಗ ಹೀಗೇ ಬಿಡುತ್ತಾರೇನೋ ಎಂದುಕೊಂಡು ಮೆಚ್ಚಿಗೆಯಿಂದ ತಲೆಯಾಡಿಸಿದ.

ದಯಾನಂದರು ಬಂದರು. ಇಸ್ತ್ರಿ ಮಾಡಿದ ಖಾದಿ, ಇಸ್ತ್ರಿ ಮಾಡಿದಂಥದೇ ನಗು. ಗೌಡರ ಹೆಗಲ ಮೇಲೆ ಕೈ ಹಾಕಿ ಕೂತರು. ಉಪ್ಪಿಟ್ಟು ಬಾಯಿಗಿಟ್ಟು ಕ್ಯಾಮೆರಾ ನೋಡಿ ಕಣ್ಣು ಮುಚ್ಚಿದರು.

"ನಮ್ಮ ತಾಯಿ ಕೈ ಉಪ್ಪಿಟ್ಟು ನೆನಪಾಯ್ತು. ಈ ದೇಶ ನಿಂತಿರೋದೇ ಇವರಂಥ ಮಧ್ಯಮ ವರ್ಗದವರ ಬೆನ್ನ ಮೇಲೆ. ದೊಡ್ಡವರ ಮನೆ ಬಾಗಿಲಿಗೆ ನಾನು ಹೋಗೋನಲ್ಲ. ಹೇಳಿ ಯಜಮಾನ್ರೇ, ಬೆಲೆ ಏರಿಕೆಯಿಂದ ತಮಗೆ ಏನು ಕಷ್ಟ ಆಗಿದೆ?"

ಗೌಡರು ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ಸರಿಸುತ್ತ ಯೋಚಿಸಿದರು. "ಡೀಸೆಲ್ಲು" ಎಂದರು. "ಸ್ಪ್ರಿಂಕ್ಲರ್ ಹಾಕಿ ಇಡೀ ಗುಡ್ಡಕ್ಕೆ ನೀರು ಹೊಡೀಬೇಕು ಅಂದ್ರೆ—"

"ಸ್ಕೂಟರ್ ಪೆಟ್ರೋಲ್ ಅನ್ನಿ" ಎಂದು ಧರ್ಮೇಶ್ ಕ್ಯಾಮೆರಾದ ಹಿಂದಿನಿಂದ ಪಿಸುಗುಟ್ಟಿದ.

"ಸ್ಕೂಟರಿಗೆ ಪೆಟ್ರೋಲು" ಎಂದರು ಗೌಡರು. "ಇಡೀ ಗುಡ್ಡಕ್ಕೆ."

"ಮತ್ತೆ?"

"ಆಳುಗಳು ಸಿಗೋದಿಲ್ಲ."

"ಮನೆ ಕೆಲಸ ನೀವೇ ಮಾಡ್ಕೋತೀರಾ?" ಎಂದು ದಯಾನಂದರು ಗದ್ಗದಿತರಾದರು.

"ಅವರಿಗೆ ಇನ್ನೊಂದು ಸೌಟು ಹಾಕ್ತೇನೆ ಇರಿ" ಎಂದು ಶಿವಗಂಗಮ್ಮ ಗೌಡರ ತಟ್ಟೆಗೆ ಉಪ್ಪಿಟ್ಟು ಬಡಿಸಿದರು. ಗೌಡರ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾದವನು ಅದನ್ನು ಹತ್ತಿರದಿಂದ ಹಿಡಿದ. ಆ ಕ್ಷಣದ ಚಿತ್ರ 'ಮಧ್ಯಮ ವರ್ಗದ ಮೂಕ ವೇದನೆ' ಎಂಬ ಹೆಸರಿನಲ್ಲಿ ಆಗಲೇ ಎಲ್ಲರ ಮೊಬೈಲಿಗೆ ಹೊರಟಿತು.

ಕ್ಯಾಮೆರಾವನ್ನು ಜಗಲಿಯಲ್ಲೇ ಬಿಟ್ಟು ದಯಾನಂದರು ರಸ್ತೆ ದಾಟಿ ರೇಣುಕಪ್ರಸಾದರ ಮನೆಗೆ ಬಂದರು. ರಸ್ತೆ ದಾಟುವಷ್ಟರಲ್ಲಿ ಅವರ ಗಂಟಲೇ ಬದಲಾಗಿತ್ತು. ಒಳಗೆ ಕೂತು ಕಾಲು ಚಾಚಿ ಉಸಿರು ಬಿಟ್ಟರು.

"ಅಬ್ಬ, ಈಗ ನಮ್ಮವರ ಮನೆಗೆ ಬಂದ ಹಾಗಾಯ್ತು. ಉಪ್ಪಿಟ್ಟು ಗಂಟಲಲ್ಲೇ ನಿಂತಿದೆ ಸಾರ್, ಮೊದ್ಲು ಕಾಫಿ ಕೊಡಿ. ಈ ಮಧ್ಯಮ ವರ್ಗ ಇದೆಯಲ್ಲ, ಅವರಿಗೆ ಏನೂ ಕೊಡೋದು ಬೇಡ. ಕಷ್ಟ ಕೇಳಿದ್ರೆ ಸಾಕು, ಕೊಟ್ಟಷ್ಟೇ ಖುಷಿ ಪಡ್ತಾರೆ. ಕೆಲಸ ಆಗೋದೆಲ್ಲ ತಮ್ಮಂಥವರಿಂದ."

ಅಡಿಗೆಮನೆಯಲ್ಲಿ ರಜನಿಯ ಕೈಯ ಸೌಟು ನಿಂತಿತು. ನಾಗಶ್ರೀ ಅಮ್ಮನ ಮುಖ ನೋಡಿದಳು. ರಜನಿ ಕಣ್ಣಲ್ಲೇ 'ಬಸ್ಸು' ಎಂದಳು.

"ಹೂಂ" ಎಂದರು ರೇಣುಕಪ್ರಸಾದರು. ಬಾಯಿ ಜಾಸ್ತಿ ಬಿಡಬೇಡಿ ಎಂದು ಹೆಂಡತಿ ಹೇಳಿದ್ದನ್ನು ಅವರು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ದಯಾನಂದರಿಗೆ ಆ ಒಂದು ಹೂಂ ಬಹಳ ತೂಕದ್ದಾಗಿ ಕಂಡಿತು.

"ಬಸ್ಸಿನ ವಿಷಯ ಹೇಳಿದೀನಿ. ಈ ರಸ್ತೆಗೂ ಕಾಂಕ್ರೀಟ್ ಹಾಕಿಸೋಣ. ನಿಮ್ಮ ಗೇಟಿನವರೆಗೆ. ಆಚೆಯವರಿಗೆ ಆಮೇಲೆ ನೋಡೋಣ."

"ಹೂಂ."

"ಹಾಗೇ ತಮ್ಮ ಕಡೆಯಿಂದಲೂ ಪಕ್ಷಕ್ಕೆ ಏನಾದ್ರೂ..."

ಗೌಡರು ಹೇಳಿಕೊಟ್ಟ ಮಾತು ಬೇಕಾದ ಹೊತ್ತಿಗೆ ರೇಣುಕಪ್ರಸಾದರ ನೆನಪಿಗೆ ಬರಲಿಲ್ಲ. ಅವರು ಒಳ್ಳೆಯ ಮನುಷ್ಯರು, ಯಾರಾದರೂ ಕೈಯೊಡ್ಡಿದರೆ ಏನಾದರೂ ಕೊಡಬೇಕು ಎನಿಸುವ ಮನುಷ್ಯರು. ತಮ್ಮಲ್ಲಿ ಏನಿದೆ ಎಂದು ಮನಸ್ಸಿನಲ್ಲೇ ಅಂಗಡಿಯನ್ನು ಒಂದು ಸುತ್ತು ಹಾಕಿ ಬಂದರು.

"ಗಂಬೂಟು ಕೊಡಬಹುದು" ಎಂದರು. "ನಿಮ್ಮ ಕಾರ್ಯಕರ್ತರಿಗೆಲ್ಲ. ಸೈಜು ಹೇಳಬೇಕು ಅಷ್ಟೇ."

ದಯಾನಂದರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಜೋರಾಗಿ ನಕ್ಕರು. "ದೊಡ್ಡವರ ತಮಾಷೆನೇ ಬೇರೆ. ಧರ್ಮೇಶ್, ಕೇಳಿದ್ಯಾ? ಗಂಬೂಟಂತೆ."

ಧರ್ಮೇಶನೂ ನಕ್ಕ. ರೇಣುಕಪ್ರಸಾದರೂ ಯಾಕೆಂದು ತಿಳಿಯದೆ ನಕ್ಕರು. ಆ ನಗು ಮುಗಿಯುವ ಮೊದಲೇ ಹೆಂಚಿನ ಮೇಲೆ ಟಪ್ಪೆಂದಿತು. ಇನ್ನೊಂದು ಸಲ ಟಪ್ಪೆಂದಿತು. ಜನವರಿಯಲ್ಲಿ ಬರಬಾರದ ಮಳೆ, ಹೇಳದೆ ಕೇಳದೆ ಗುಡ್ಡ ಇಳಿದು ಬಂದಿತ್ತು.

ಕಾಫಿ ಸೀಮೆಯಲ್ಲಿ ಕುಯ್ಲಿನ ಕಾಲದ ಮಳೆಯೆಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಓಡುತ್ತಾರೆ. ಮಾತಾಡುತ್ತಿದ್ದವರು ಮಾತಿನ ನಡುವೆ ಕಾಣೆಯಾಗುತ್ತಾರೆ. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ನೆನೆದರೆ ಬಣ್ಣವೂ ಹೋಯಿತು, ಬೆಲೆಯೂ ಹೋಯಿತು. ಒಂದು ವರ್ಷದ ಬೆವರಿಗೆ ಒಂದು ಹತ್ತು ನಿಮಿಷದ ಮಳೆ ಸಾಕು.

ರೇಣುಕಪ್ರಸಾದರು ಕೂತೇ ಇದ್ದರು.

"ಸಾರ್, ಮಳೆ" ಎಂದರು ದಯಾನಂದರು.

"ಹೂಂ."

"ನಿಮ್ಮ ಕಾಫಿ ನೆನೀತಿದೆ ಸಾರ್."

ಇಲ್ಲಿ ರೇಣುಕಪ್ರಸಾದರು ಒಂದು ದೊಡ್ಡ ತಪ್ಪು ಮಾಡಿದರು. ಶ್ರೀಮಂತನಾದವನು ಸಣ್ಣಪುಟ್ಟದ್ದಕ್ಕೆಲ್ಲ ಗಾಬರಿಯಾಗುವುದಿಲ್ಲ ಎಂದು ಅವರಿಗೆ ತೋರಿತು. ಲೋಟವೆತ್ತಿ ಒಂದು ಗುಟುಕು ಕುಡಿದು, "ನೆನೀಲಿ ಬಿಡಿ" ಎಂದರು. "ಅದೆಷ್ಟಿದೆ ಮಹಾ."

ದಯಾನಂದರ ಬಾಯಿ ತೆರೆದೇ ಉಳಿಯಿತು. ಎಷ್ಟೋ ಶ್ರೀಮಂತರ ಮನೆಯಲ್ಲಿ ಅವರು ಕಾಫಿ ಕುಡಿದಿದ್ದರು. ಇಷ್ಟು ಹಣ ಕಣ್ಣೆದುರು ನೆನೆಯುವಾಗ ಗುಟುಕು ಹಾಕುತ್ತ ಕೂರುವವರನ್ನು ಕಂಡಿರಲಿಲ್ಲ. ಇವರಿಗೆ ಕುದುರೆಮುಖದವರೆಗೂ ತೋಟ ಇರಬೇಕು ಎಂದುಕೊಂಡು ಅವರು ಚಾಚಿದ್ದ ಕಾಲನ್ನು ಮಡಚಿ ನೆಟ್ಟಗೆ ಕೂತರು.

ಅದೇ ಹೊತ್ತಿಗೆ ಎದುರಿನ ಜಗಲಿಯಿಂದ ಮಧ್ಯಮ ವರ್ಗದ ಮೂಕ ವೇದನೆ ಬೊಬ್ಬೆ ಹಾಕುತ್ತ ರಸ್ತೆಗೆ ಹಾರಿತು. ಉಪ್ಪಿಟ್ಟಿನ ತಟ್ಟೆ ಒಂದು ಕಡೆ, ಕುರ್ಚಿ ಒಂದು ಕಡೆ. ಗೌಡರು ಗಂಬೂಟಿನಲ್ಲಿ ನೀರು ಹಾರಿಸುತ್ತ ಕಣಕ್ಕೆ ನುಗ್ಗಿ ಟಾರ್ಪಾಲಿನ ತುದಿ ಹಿಡಿದೆಳೆದರು. ಇನ್ನೊಂದು ತುದಿಗೆ ಶಿವಗಂಗಮ್ಮ ಬಂದರು. ಅಡಿಗೆಮನೆಯ ಹಿಂಬಾಗಿಲಿನಿಂದ ರಜನಿ, ನಾಗಶ್ರೀ ಓಡಿದರು. ಕಾಫಿಯ ಮೇಲೆ ಮಳೆ ಬೀಳುವಾಗ ಒಳಗೆ ಕೂರುವುದು ರಜನಿಯ ಮೈಗೆ ಒಗ್ಗದ ಕೆಲಸ, ಕಾಫಿ ಯಾರದೇ ಆಗಿರಲಿ. ನಾಲ್ವರೂ ಎಳೆದರು, ಗುಡ್ಡೆ ಮಾಡಿದರು, ಮುಚ್ಚಿದರು, ಅಂಚಿಗೆ ಕಲ್ಲು ಹೇರಿದರು. ಕೊನೆಯ ಕಲ್ಲು ಇಟ್ಟಾಗ ಮಳೆ ತನ್ನ ಕೆಲಸ ಮುಗಿಯಿತೆನ್ನುವಂತೆ ನಿಂತುಹೋಯಿತು. ಕಾಫಿ ಉಳಿದಿತ್ತು.

ಗೌಡರ ಸಿಟ್ಟು ಮಾತ್ರ ಇಳಿದಿರಲಿಲ್ಲ. ತೊಟ್ಟಿಕ್ಕುವ ಸ್ವೆಟರಿನಲ್ಲೇ ಒಳಗೆ ಬಂದರು.

"ರೇಣುಕಾ, ನಿನಗೆ ಎಂತ ಬಂದಿದೆ ಮಾರಾಯ? ನನ್ನ ಕಾಫಿ ಅಲ್ಲಿ ನೆನೀವಾಗ ನೀನಿಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕಾಫಿ ಕುಡೀತಿದೀಯಲ್ಲ. ಟಾರ್ಪಾಲು ಮಾರೋನಿಗೆ ಟಾರ್ಪಾಲು ಎಳೀಬೇಕು ಅಂತ ನಾನು ಹೇಳಿಕೊಡಬೇಕಾ?"

ಹೊರಗೆ ಜೀಪೊಂದು ಕಿರ್ರೆಂದು ನಿಂತು, ಗೌಡರ ರೈಟರ್ ಕೊಡೆ ಹಿಡಿದು ಓಡಿ ಬಂದ. "ದೊಡ್ಡವ್ರೇ, ಮನೆ ಹತ್ರ ಕಾಫಿ ಎಲ್ಲ ಮುಚ್ಚಿದೇವೆ. ಇಲ್ಲಿದು ನೆನೀತಾ?" ಎಂದ. ಆಮೇಲೆ ಧರ್ಮೇಶನನ್ನು ಕಂಡು ನಿನ್ನೆಯ ಮಂಗಳೂರು ನೆನಪಾಗಿ, ಬಂದ ಕಾಲಲ್ಲೇ ಹಿಂದೆ ಸರಿದು ಬಾಗಿಲ ಮರೆಯಲ್ಲಿ ನಿಂತ.

ದಯಾನಂದರು ರೇಣುಕಪ್ರಸಾದರನ್ನು ನೋಡಿದರು. ಗೌಡರನ್ನು ನೋಡಿದರು. ಲೆಕ್ಕ ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೂತಲ್ಲಿಂದ ಎದ್ದು, ರೇಣುಕಪ್ರಸಾದರಿಗೆಂದು ತಂದಿದ್ದ ಶಾಲನ್ನು ಧರ್ಮೇಶನ ಕೈಯಿಂದ ಕಿತ್ತು ಗೌಡರ ಒದ್ದೆ ಹೆಗಲಿಗೆ ಹೊದಿಸಿದರು.

"ಗೌಡ್ರೇ, ತಾವಾ? ತಮ್ಮ ಸರಳತೆ ಅಂದ್ರೆ ಇದು. ಬನ್ನಿ, ಇಲ್ಲಿ ಕೂತು ಒಂದೆರಡು ಮಾತು—"

"ನನ್ನ ಹತ್ರ ಎಂತ ಮಾತು?" ಎಂದು ಗೌಡರು ಶಾಲಿನಿಂದ ತಲೆ ಒರೆಸಿಕೊಂಡರು. ಜೇಬಿನಿಂದ ಮೊಬೈಲು ತೆಗೆದು ಹಿಡಿದರು. "ನನ್ನ ಮೊಮ್ಮಗಳು ಈಗ ಕಳಿಸಿದ್ಲು. ನನ್ನ ಫೋಟೋ, ಕೆಳಗೆ ನೀವೇ ಬರೆಸಿದ್ದು. ಪೆಟ್ರೋಲಿಗೂ ಕಷ್ಟಪಡೋ ಮಧ್ಯಮ ವರ್ಗದ ಹಿರಿಯರು ಅಂತ. ಜಿಲ್ಲೆಯವರೆಲ್ಲ ನೋಡಿದಾರೆ. ಅಂಥೋನ ಹತ್ರ ನೀವು ಪಕ್ಷಕ್ಕೆ ಕೇಳಿದ್ರೆ ಜನ ಎಂತ ಹೇಳಿಯಾರು ದಯಾನಂದರೇ? ನಿಮ್ಮ ಮರ್ಯಾದೆ ಪ್ರಶ್ನೆ."

ಬಾಗಿಲ ಹಿಂದಿನಿಂದ ರೈಟರ್ ಕೆಮ್ಮಿದ. ಅದು ಕೆಮ್ಮಿನ ಹಾಗಿರಲಿಲ್ಲ.

"ಹಾಗಾದ್ರೆ ಇವರು?" ಎಂದು ದಯಾನಂದರು ರೇಣುಕಪ್ರಸಾದರ ಕಡೆ ಬೆರಳು ತೋರಿಸಿದರು.

"ಅವರಾ?" ಎಂದರು ಶಿವಗಂಗಮ್ಮ ಸೆರಗು ಹಿಂಡುತ್ತ. "ನೀವು ಬೆಳಗಿನಿಂದ ಹುಡುಕ್ತಾ ಇದ್ರಲ್ಲ ಸ್ವಾಮಿ, ಮಧ್ಯಮ ವರ್ಗ, ಅದೇ ಇವರು. ಅಸಲಿ ಮಾಲು. ಗಂಬೂಟಿನ ಅಂಗಡಿ."

ರೇಣುಕಪ್ರಸಾದರು ಮೆಲ್ಲಗೆ ಹ್ಯಾಟು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕೂದಲು ಬೆವರಿಗೆ ಅಂಟಿಕೊಂಡಿತ್ತು. "ಕ್ಷಮಿಸಿ ಸಾರ್" ಎಂದರು. "ಗಂಬೂಟಿನ ಮಾತು ಮಾತ್ರ ತಮಾಷೆ ಅಲ್ಲ. ಅದು ನಿಜವಾಗ್ಲೂ ಕೊಡ್ತೇನೆ."

ರಜನಿಗೆ ಆ ಹೊತ್ತಿನಲ್ಲಿ ಗಂಡನ ಮೇಲೆ ಇನ್ನಿಲ್ಲದ ಪ್ರೀತಿ ಬಂತು. ಸಿಟ್ಟೂ ಬಂತು. ಎರಡನ್ನೂ ನುಂಗಿ ಟವಲು ತಂದು ಮಗಳ ತಲೆ ಒರೆಸತೊಡಗಿದಳು.

ಆಗ ಕ್ಯಾಮೆರಾದವನು ಓಡಿ ಬಂದ. ಮಳೆಯಲ್ಲಿ ಕಾಫಿ ಎಳೆಯುವುದನ್ನೆಲ್ಲ ಅವನು ಹಿಡಿದಿದ್ದ. ಈಗಲೂ ಹಿಡಿಯುತ್ತಲೇ ಇದ್ದ. "ಸಾರ್, ಲೈವ್ ಹೋಗ್ತಾ ಇದೆ. ಜನ ತುಂಬಾ ನೋಡ್ತಿದಾರೆ" ಎಂದ.

ದಯಾನಂದರ ಮುಖದ ಮೇಲೆ ಇಸ್ತ್ರಿ ನಗು ತಾನಾಗಿ ಬಂದು ಕೂತಿತು. ಗಂಟಲು ಮತ್ತೆ ಜಗಲಿಯ ಗಂಟಲಾಯಿತು. "ನೋಡಿ, ನಾನು ಹೇಳಿದ್ನಲ್ಲ, ಮಧ್ಯಮ ವರ್ಗದ ಮನೆಯೇ ನನ್ನ ಮನೆ. ಇವತ್ತು ಇಂಥ ಎರಡು ಮನೆಗೆ ಬಂದ ಭಾಗ್ಯ ನನ್ನದು. ಇವರಿಗಾಗಿ ನಾನು ಏನು ಬೇಕಾದ್ರೂ ಮಾಡ್ತೀನಿ. ಸಂಕೋಚ ಇಲ್ಲದೆ ಕೇಳಿ. ಏನು ಬೇಕಾದ್ರೂ ಕೇಳಿ."

ಹೀಗೆ ಹೇಳುತ್ತಲೇ ಅವರು ಧರ್ಮೇಶನ ಕಡೆ ಒಂದು ಸಣ್ಣ ಸನ್ನೆ ಮಾಡಿದರು. ಧರ್ಮೇಶ್ ಫೋನು ಹಿಡಿದು, ಬೆಳಿಗ್ಗೆ ಬಸ್ಸಿಗಾಗಿ ಹೋಗಿದ್ದ ಅದೇ ಅಂಗಳದ ಮೂಲೆಗೆ ಹೊರಟ. ಅವನು ಯಾರಿಗೆ ಫೋನು ಮಾಡಲು ಹೊರಟ ಎಂದು ರಜನಿಗೆ ಹೇಳಿಕೊಡಬೇಕಾಗಿರಲಿಲ್ಲ. ಟವಲು ಹಿಡಿದ ಅವಳ ಕೈ ಮಗಳ ತಲೆಯ ಮೇಲೆ ನಿಂತಿತು. ಕೇಳಬೇಕು ಎಂದುಕೊಂಡಳು. ಬೆಳಗಿನಿಂದ ಸುಳ್ಳಿನಲ್ಲಿ ಪಾಲು ತೆಗೆದುಕೊಂಡ ಬಾಯಿ, ಈಗ ಹೇಗೆ ಕೇಳುವುದು? ರೇಣುಕಪ್ರಸಾದರು ಹ್ಯಾಟಿನ ಅಂಚನ್ನು ಸುತ್ತುತ್ತ ಕೂತರು. ಶಿವಗಂಗಮ್ಮ ಗೌಡರನ್ನು ನೋಡಿದರು, ಗೌಡರು ಸೂರು ನೋಡಿದರು. ಪ್ರಶ್ನೆ ಎಲ್ಲರ ಬಾಯಲ್ಲೂ ಇತ್ತು.

ನಾಗಶ್ರೀ ಟವಲನ್ನು ಮುಖದಿಂದ ಸರಿಸಿದಳು. ಅಂಗಳದ ಮೂಲೆಯಲ್ಲಿ ನಂಬರು ಒತ್ತುತ್ತಿದ್ದ ಧರ್ಮೇಶನನ್ನು ನೋಡಿದಳು. ಆಮೇಲೆ ದಯಾನಂದರ ಎದುರು, ಕ್ಯಾಮೆರಾಕ್ಕೂ ಅವರಿಗೂ ನಡುವೆ ಬಂದು ನಿಂತಳು.

"ಅಂಕಲ್" ಎಂದಳು. "ನಾವು ಶ್ರೀಮಂತರು ಅಂದ್ಕೊಂಡಿದ್ದಾಗ ನಾಳೆಯಿಂದ ಬಸ್ಸು ಬಿಡಿಸ್ತೇನೆ ಅಂದಿದ್ರಲ್ಲ. ಈಗ ನಾವು ಮಧ್ಯಮ ವರ್ಗ ಅಂತ ಗೊತ್ತಾಯ್ತಲ್ಲ, ಬಸ್ಸು ಬರ್ತದಾ?"